ಲಾ ಓದಲು ಸ್ಕಾಲರ್‌ಶಿಪ್ ಇದೆ, ಆಮೇಲೆ?

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ ನನಗೆ ಒಂದೇ ತರಹದ ಫೋನ್ ಕರೆಗಳು ಬರುತ್ತವೆ. ಊರಿನ ಕಡೆಯವರು, ಇಲ್ಲಾ ಅವರಿಗೆ ಗೊತ್ತಿದ್ದವರು. "ಮಗಳಿಗೆ ಲಾ ಓದಿಸಬೇಕು ಅಂತಿದ್ದೀವಿ ಸಾರ್. ಬೆಂಗಳೂರಿನ ಆ ದೊಡ್ಡ ಲಾ ಸ್ಕೂಲಿಗೆ ಸ್ಕಾಲರ್‌ಶಿಪ್ ಇದೆಯಂತಲ್ಲ?" ಇದೆ ಅನ್ನುತ್ತೇನೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಬೇಕು. ಆ ಕಾಲೇಜಿನ ಪ್ರವೇಶ ಪರೀಕ್ಷೆ ಕ್ಲಾಟ್ ಡಿಸೆಂಬರಿನಲ್ಲೇ ಮುಗಿದಿದೆ. ಅರ್ಜಿ ಹಾಕುವ ದಿನ ಅದಕ್ಕೂ ಮೊದಲೇ ಕಳೆದುಹೋಗಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ರಿಸಲ್ಟ್ ನೋಡಿ ಆಮೇಲೆ ಯೋಚನೆ ಮಾಡೋಣ ಅನ್ನುವುದು ನಮ್ಮ ಊರುಗಳ ರೂಢಿ. ಏಪ್ರಿಲ್‌ನಲ್ಲಿ ರಿಸಲ್ಟ್, ಮೇ ತಿಂಗಳಲ್ಲಿ ಯೋಚನೆ, ಜೂನ್‌ನಲ್ಲಿ ಅಡ್ಮಿಷನ್. ಕ್ಲಾಟ್ ಬರೆಸುವ ಮನೆಗಳಲ್ಲಿ ಈ ಯೋಚನೆ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೇ ಆಗಿರುತ್ತದೆ. ಪಿಯುಸಿಗೆ ಸೇರುವಾಗಲೇ ಕೋಚಿಂಗಿಗೂ ಸೇರಿಸಿರುತ್ತಾರೆ. ಅಲ್ಲಿಗೆ ಅರ್ಧ ಆಟ ಮುಗಿಯಿತು. ಸ್ಕಾಲರ್‌ಶಿಪ್ ಅನ್ನುವುದು ಇನ್ನೂ ಮೈದಾನಕ್ಕೇ ಇಳಿದಿರುವುದಿಲ್ಲ.

ಉನ್ನತ ಶಿಕ್ಷಣದಲ್ಲಿ, ಅದರಲ್ಲೂ ಕಾನೂನಿನ ಓದಿನಲ್ಲಿ, ಎಲ್ಲ ತರಹದ ಮನೆಗಳ ಮಕ್ಕಳು ಇರಬೇಕು ಅನ್ನುವುದನ್ನು ಈಗ ಬಹಿರಂಗವಾಗಿ ಯಾರೂ ಅಲ್ಲಗಳೆಯುವುದಿಲ್ಲ. ಅದಕ್ಕೆ ಹಣವೂ ಇದೆ, ಯೋಜನೆಗಳೂ ಇವೆ. ನನ್ನ ತಕರಾರು ಆ ಹಣ ಬಂದು ಬೀಳುವ ಜಾಗದ ಬಗ್ಗೆ. ನಮ್ಮ ಸ್ಕಾಲರ್‌ಶಿಪ್‌ಗಳನ್ನು ಕಾಲೇಜಿನ ಐದು ವರ್ಷಕ್ಕೆ ಅಳತೆ ಮಾಡಿ ಹೊಲಿದಿದ್ದಾರೆ. ಬಡವರ ಮಕ್ಕಳು ಉದುರಿಹೋಗುವುದು ಅದಕ್ಕೆ ಮುಂಚಿನ ಒಂದೆರಡು ವರ್ಷ ಮತ್ತು ಅದು ಮುಗಿದ ಮೇಲಿನ ಮೂರು ವರ್ಷಗಳಲ್ಲಿ.

ಬಾಗಿಲಿನ ಹೊರಗೆ

ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದು 1986ರ ಕರ್ನಾಟಕ ಕಾಯ್ದೆಯಿಂದ. ಕಟ್ಟಿದವರು ಮಾಧವ ಮೆನನ್. ಐದು ವರ್ಷದ ಲಾ ಕೋರ್ಸಿಗೆ ದೇಶದಲ್ಲಿ ಒಂದು ಗತ್ತು ಬಂದಿದ್ದೇ ಅಲ್ಲಿಂದ. ಈಗ ಅದೇ ಮಾದರಿಯ ವಿಶ್ವವಿದ್ಯಾಲಯಗಳು ದೇಶದಲ್ಲಿ 20ಕ್ಕೂ ಹೆಚ್ಚಿವೆ. ಬಹುತೇಕ ಎಲ್ಲಕ್ಕೂ 2008ರಿಂದ ಒಂದೇ ಪ್ರವೇಶ ಪರೀಕ್ಷೆ, ಅದೇ ಕ್ಲಾಟ್.

ಕ್ಲಾಟ್ ಪೂರ್ತಿ ಇಂಗ್ಲಿಷ್. ನೀಟ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು, ಇದನ್ನು ಬರೆಯುವಂತಿಲ್ಲ. 2020ರಿಂದ ಪ್ರಶ್ನೆಪತ್ರಿಕೆಯ ಸ್ವರೂಪವೂ ಬದಲಾಯಿತು. ಉದ್ದುದ್ದದ ಪ್ಯಾಸೇಜ್ ಕೊಡುತ್ತಾರೆ, ಅದನ್ನು ಓದಿಕೊಂಡು ಉತ್ತರ ಹುಡುಕಬೇಕು. ಈಗ 120 ಪ್ರಶ್ನೆ, 120 ನಿಮಿಷ. ಲೆಕ್ಕ ಬರುತ್ತದೋ ಇಲ್ಲವೋ, ನ್ಯಾಯ ಅನ್ಯಾಯ ತಿಳಿಯುತ್ತದೋ ಇಲ್ಲವೋ, ಅದೆಲ್ಲ ಆಮೇಲೆ. ಮೊದಲು ಇಂಗ್ಲಿಷನ್ನು ಓಡುತ್ತಾ ಓದಬೇಕು. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಜಾಣ ಹುಡುಗಿಗೆ ಅದು ಅರ್ಥವಾಗುತ್ತದೆ, ಆದರೆ ಟೈಮ್ ಸಾಲುವುದಿಲ್ಲ. ಬೇರೆ ಭಾಷೆಗಳಲ್ಲೂ ನಡೆಸಿ ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಒಂದು ಅರ್ಜಿ ಹೋಗಿತ್ತು. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು.

ತಮಾಷೆ ಏನೆಂದರೆ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ನಮ್ಮ ತಾಲೂಕು ಕೋರ್ಟುಗಳು ನಡೆಯುವುದೂ ಹೆಚ್ಚಾಗಿ ಕನ್ನಡದಲ್ಲೇ. ಇಂಗ್ಲಿಷ್ ಗಟ್ಟಿಯಾಗಿ ಬೇಕಾಗುವುದು ಹೈಕೋರ್ಟಿನಿಂದ ಮೇಲೆ. ಅಂದರೆ ಹದಿನೆಂಟು ವರ್ಷಕ್ಕೇ ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಒಂದು ಸಾಲು ಮುನ್ಸಿಫ್ ಕೋರ್ಟಿಗೆ, ಇನ್ನೊಂದು ಸಾಲು ದೆಹಲಿಗೆ. ಭಾಷೆಯ ಈ ಅಂತರ ತುಂಬಲು ಅಂತ ಯಾವ ಇಲಾಖೆಯೂ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಫೀಸಿನ ರಸೀದಿ ತೋರಿಸಬಹುದು, ಬಾರದ ಇಂಗ್ಲಿಷಿಗೆ ಎಲ್ಲಿಯ ರಸೀದಿ?

ಇನ್ನು ಕಾಸಿನ ಮಾತು. ಕ್ಲಾಟ್ ಅರ್ಜಿಗೆ 4,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್ ಮಕ್ಕಳಿಗೆ 3,500. ರಿಯಾಯಿತಿ 500 ರೂಪಾಯಿ! ರ‍್ಯಾಂಕ್ ಬಂತು ಅಂತಿಟ್ಟುಕೊಳ್ಳಿ. ಕೌನ್ಸೆಲಿಂಗಿಗೆ ಕೂರಬೇಕು ಅಂದರೆ ಮೊದಲು ದುಡ್ಡು ಕಟ್ಟಬೇಕು. ಇದು ಒಂದು ಕಾಲಕ್ಕೆ 50,000 ಇತ್ತು. ಗಲಾಟೆ ಆದ ಮೇಲೆ 30,000ಕ್ಕೆ ಇಳಿಸಿದರು, ಮೀಸಲಾತಿಯವರಿಗೆ 20,000 ಅಂದರು. ಈ ದುಡ್ಡು ಆಮೇಲೆ ಫೀಸಿಗೆ ಜಮಾ ಆಗುತ್ತದೆ, ಇಲ್ಲ ವಾಪಸ್ ಬರುತ್ತದೆ ಅನ್ನುವುದು ನಿಜ. ಆದರೆ ಕೂಲಿ ಮಾಡುವ ಮನೆಯಲ್ಲಿ ನಾಲ್ಕು ದಿನದೊಳಗೆ 20,000 ಹೊಂದಿಸುವುದು ಅಂದರೆ ಕಿವಿಯ ಓಲೆ ಬಿಚ್ಚಬೇಕು, ಇಲ್ಲಾ ಸ್ವಸಹಾಯ ಸಂಘದ ಮುಂದೆ ನಿಲ್ಲಬೇಕು.

ಇದು ಎಂಥ ಕತ್ತರಿ ಅನ್ನುವುದು ದೇಶಕ್ಕೆ ಗೊತ್ತಾಗಿದ್ದು ಲಾ ಕಾಲೇಜಿನಿಂದಲ್ಲ, ಧನಬಾದ್ ಐಐಟಿಯಿಂದ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಒಬ್ಬ ದಲಿತ ಹುಡುಗ, ತಂದೆ ದಿನಗೂಲಿ. 2024ರ ಜೂನ್ 24ರಂದು ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ಊರವರೆಲ್ಲ ಸೇರಿಸಿ ಕೊಟ್ಟ ದುಡ್ಡು ಆನ್‌ಲೈನಿನಲ್ಲಿ ಹೋಗುವಷ್ಟರಲ್ಲಿ ಟೈಮ್ ಮುಗಿಯಿತು. ಸೀಟು ಹೋಯಿತು. ಎರಡು ಹೈಕೋರ್ಟ್ ಅಲೆದು ಕೊನೆಗೆ ಸುಪ್ರೀಂ ಕೋರ್ಟಿಗೆ ಬಂದ. ಸೆಪ್ಟೆಂಬರ್ 30ರಂದು ಕೋರ್ಟು ಸಂವಿಧಾನದ 142ನೇ ವಿಧಿಯ, ಅಂದರೆ ಪೂರ್ಣ ನ್ಯಾಯ ಕೊಡಿಸಲು ತನಗಿರುವ ವಿಶೇಷ ಅಧಿಕಾರ ಬಳಸಿ ಸೀಟು ಕೊಡಿಸಿತು. 17,500 ರೂಪಾಯಿಗೆ 142ನೇ ವಿಧಿ! ಒಳಗೆ ಹೋದ ಮೇಲೆ ಅಂಥ ಮಕ್ಕಳ ಫೀಸಿಗೆ ದಾರಿ ಇದ್ದೇ ಇದೆ. ಹೊಸಿಲು ದಾಟುವ ಆ ಒಂದು ಸಂಜೆಗೆ ಮಾತ್ರ ಯಾವ ಯೋಜನೆಯೂ ಇರಲಿಲ್ಲ.

ಈ ಹೊಸಿಲನ್ನೇ ಹಿಡಿದು ಕೆಲಸ ಮಾಡಿದವರು ಶಾಮ್ನಾದ್ ಬಷೀರ್. ನಾಗರಬಾವಿಯಲ್ಲೇ ಓದಿದವರು. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ 2010ರಲ್ಲಿ ಐಡಿಐಎ ಅನ್ನುವ ಸಂಸ್ಥೆ ಶುರು ಮಾಡಿದರು. ಅದರ ಕ್ರಮ ನನಗೆ ಇಷ್ಟ. ಲಾ ವಿದ್ಯಾರ್ಥಿಗಳೇ ಹಳ್ಳಿ ಶಾಲೆಗಳಿಗೆ, ಅಂಧ ಮಕ್ಕಳ ಶಾಲೆಗಳಿಗೆ ಹೋಗುತ್ತಾರೆ. ಲಾ ಅಂತ ಒಂದು ಓದಿದೆ, ಹೀಗೊಂದು ಪರೀಕ್ಷೆಯಿದೆ ಅಂತ ಹೇಳುತ್ತಾರೆ. ಆಸಕ್ತಿ ಇರುವವರನ್ನು ಆರಿಸಿ ಕೋಚಿಂಗ್ ಕೊಡಿಸುತ್ತಾರೆ. ಸೀಟು ಸಿಕ್ಕ ಮೇಲೆ ಫೀಸು, ಲ್ಯಾಪ್‌ಟಾಪ್, ಇಂಗ್ಲಿಷ್ ಅಭ್ಯಾಸ, ಜೊತೆಗೊಬ್ಬ ಹಿರಿಯ ಮಾರ್ಗದರ್ಶಕ. ಕೈಗೆ ಚೆಕ್ ಕೊಟ್ಟು ಕಳಿಸುವುದಕ್ಕಿಂತ ಕೈಹಿಡಿದು ನಡೆಸುವುದು ಜಾಸ್ತಿ. ಬಷೀರ್ 2019ರ ಆಗಸ್ಟಿನಲ್ಲಿ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ತೀರಿಕೊಂಡರು. ಆಗಿನ್ನೂ 43 ವರ್ಷ. ಸಂಸ್ಥೆ ನಡೆಯುತ್ತಿದೆ. ಆದರೆ ದೇಶದ ಮಟ್ಟದಲ್ಲಿ ಸರ್ಕಾರ ಮಾಡಬೇಕಾದ ಕೆಲಸವನ್ನು ಸ್ವಯಂಸೇವಕ ಹುಡುಗರು ಎಷ್ಟು ಅಂತ ಮಾಡುತ್ತಾರೆ?

ನಾಗರಬಾವಿಯ ಲಾ ಸ್ಕೂಲಿನಲ್ಲಿ ಕರ್ನಾಟಕದ ಮಕ್ಕಳಿಗೆ ಶೇ 25 ಸೀಟು ಅಂತ 2020ರಲ್ಲಿ ನಮ್ಮ ಸರ್ಕಾರ ಕಾಯ್ದೆ ತಿದ್ದಿದ್ದು ನೆನಪಿರಬಹುದು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷ ಲಾ ಸ್ಕೂಲೇ ತನ್ನ ನೀತಿ ಅಂತ ಅದನ್ನು ತಂದಿತು. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿರಬೇಕು ಅನ್ನುವುದು ಷರತ್ತು. ಸರಿ. ಆದರೆ ಹಾಗೆ ಓದಿದವರಲ್ಲಿ ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಸ್ಕೂಲಿನ ಮಗುವೂ ಬಂತು, ಸಿಂಧನೂರಿನ ಸರ್ಕಾರಿ ಕಾಲೇಜಿನ ಮಗುವೂ ಬಂತು. ಇಬ್ಬರಲ್ಲಿ ಯಾರ ರ‍್ಯಾಂಕ್ ಮೇಲಿರುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಒಳಗೆ ಹೋದ ಮೇಲೆ

ಇಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ, ಹಾಗಾಗಿ ಬೇಗ ದಾಟುತ್ತೇನೆ. ಲಾ ಸ್ಕೂಲಿನ ವರ್ಷದ ಖರ್ಚು 3 ಲಕ್ಷಕ್ಕೂ ಮೇಲೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಟಾಪ್ ಕ್ಲಾಸ್ ಸ್ಕಾಲರ್‌ಶಿಪ್ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಅರ್ಹತೆ. ಐಐಟಿ, ಐಐಎಂಗಳ ಜೊತೆಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳೂ ಆ ಪಟ್ಟಿಯಲ್ಲಿವೆ. ಆದರೆ ಕಾಲೇಜಿಗೆ ಇಷ್ಟೇ ಅಂತ ಸಂಖ್ಯೆ ಕಟ್ಟಿಟ್ಟಿದ್ದಾರೆ. ಉಳಿದ ಕಾಲೇಜುಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. 1944ರಲ್ಲಿ, ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿದ್ದ ಕಾಲದಲ್ಲಿ, ಶುರುವಾದ ಯೋಜನೆ ಅದು. ಈಗ ಅದರ ಆದಾಯ ಮಿತಿ 2.5 ಲಕ್ಷ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ ಒಟ್ಟು 59,048 ಕೋಟಿ ರೂಪಾಯಿಯ ಲೆಕ್ಕ ಹಾಕಿತು. ಅದರಲ್ಲಿ ಶೇ 60 ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು.

ದುಡ್ಡು ಇದೆ, ಬರುವುದು ನಿಧಾನ. ಕಾಲೇಜು ಫೀಸು ಕೇಳುವುದು ಜುಲೈನಲ್ಲಿ. ಸ್ಕಾಲರ್‌ಶಿಪ್ ಖಾತೆಗೆ ಬೀಳುವ ಹೊತ್ತಿಗೆ ಮುಂದಿನ ಯುಗಾದಿ ಬಂದರೂ ಬಂತು. ಈ ನಡುವೆ ಆಧಾರ್ ಸೀಡಿಂಗ್ ಆಗಿಲ್ಲ, ಜಾತಿ ಪ್ರಮಾಣ ಪತ್ರದಲ್ಲಿ ಹೆಸರಿನ ಸ್ಪೆಲ್ಲಿಂಗ್ ಬೇರೆ ಇದೆ, ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಪೋರ್ಟಲ್ ತೆರೆಯುತ್ತಿಲ್ಲ ಅನ್ನುವ ಪುರಾಣ. ಮಗ ಬೆಂಗಳೂರಿನಲ್ಲಿ ಸಂವಿಧಾನ ಓದುತ್ತಿದ್ದರೆ ಅಪ್ಪ ನಾಡಕಚೇರಿಯ ಕ್ಯೂನಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ನಿಂತಿರುತ್ತಾನೆ.

ಅಮೆರಿಕದ ಸುದ್ದಿ ಓದುವವರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಜಗಳವೇ ಬೇರೆ. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ 2023ರ ಜೂನ್‌ನಲ್ಲಿ ಹಾರ್ವರ್ಡ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆ ಕಿಡಿ ಅಲ್ಲಿಗೇ ಆರಲಿಲ್ಲ, ಲಾ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೂ ತಗುಲಿತು. ಅಲ್ಲಿನ ವಕೀಲರ ಸಂಘ, ಅಂದರೆ ಅಮೆರಿಕನ್ ಬಾರ್ ಅಸೋಸಿಯೇಷನ್, ಅಲ್ಪಸಂಖ್ಯಾತ ಜನಾಂಗದ ಲಾ ವಿದ್ಯಾರ್ಥಿಗಳಿಗೆ 2000ದಿಂದ ಒಂದು ಸ್ಕಾಲರ್‌ಶಿಪ್ ಕೊಡುತ್ತಿತ್ತು. ಮೂರು ವರ್ಷಕ್ಕೆ ಒಟ್ಟು 15,000 ಡಾಲರ್. ಅದು ಬಿಳಿಯರಿಗೆ ಮಾಡುವ ತಾರತಮ್ಯ ಅಂತ 2025ರಲ್ಲಿ ಕೇಸು ಬಿತ್ತು. ನಮ್ಮಲ್ಲಿ ಆ ಹೆದರಿಕೆ ಇಲ್ಲ. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ, ಹಿಂದುಳಿದವರಿಗೆ ವಿಶೇಷ ಸೌಲಭ್ಯ ಕೊಡಬಹುದು ಅನ್ನುವ 15(4)ನೇ ವಿಧಿ ಬಂದು ದಾರಿ ತೆರೆದಿದೆ. ಅವರಲ್ಲಿ ಕೊಡುವ ಮನಸ್ಸಿದ್ದವರನ್ನು ಕಾನೂನು ತಡೆಯುತ್ತಿದೆ. ನಮ್ಮಲ್ಲಿ ಕೊಡು ಅಂತ ಕಾನೂನು ಹೇಳಿ 70 ವರ್ಷ ದಾಟಿದರೂ ಫೈಲು ಇನ್ನೂ ಟೇಬಲ್ ಮೇಲಿದೆ.

ಕರಿಕೋಟು ಹಾಕಿದ ಮೇಲೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸ್ಕಾಲರ್‌ಶಿಪ್ ಪಡೆದು ಲಾ ಓದಿದ ಭಾರತೀಯ ಅಂದರೆ ಮೊದಲು ನೆನಪಾಗುವವರು ಅಂಬೇಡ್ಕರ್. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡ್ ಕೊಟ್ಟು ಅವರನ್ನು ಕೊಲಂಬಿಯಾಕ್ಕೆ ಕಳಿಸಿದರು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ಸ್ಕಾಲರ್‌ಶಿಪ್ ಅವಧಿ ಮುಗಿಯಿತು, ಓದು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಮತ್ತೆ 1920ರಲ್ಲಿ ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಅಂತ ಹೊಂದಿಸಿಕೊಂಡು ಹೋಗಿ ಬ್ಯಾರಿಸ್ಟರ್ ಆದರು. 1923ರಲ್ಲಿ ಬೊಂಬಾಯಿಗೆ ಬಂದಿಳಿದಾಗ ಅವರ ಹತ್ತಿರ ಎಷ್ಟು ಡಿಗ್ರಿ ಇದ್ದವು ಅಂತ ಎಲ್ಲರಿಗೂ ಗೊತ್ತು. ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯಲು ಕಾಸು ಇರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಟೇನಾ 500 ರೂಪಾಯಿ ಕೊಟ್ಟರು. ಸನ್ನದು ಬಂತು, ಕೇಸು ಬರಲಿಲ್ಲ. ಅಸ್ಪೃಶ್ಯ ವಕೀಲನಿಗೆ ಕೆಲಸ ಕೊಡಲು, ವಕೀಲರಿಗೆ ಕೇಸು ಒಪ್ಪಿಸುವ ಸಾಲಿಸಿಟರುಗಳು ಮುಂದೆ ಬರಲಿಲ್ಲ.

ನೂರು ವರ್ಷ ಆದ ಮೇಲೂ ಸನ್ನದಿನ ಕಾಸಿನ ಕಥೆ ಹೆಚ್ಚು ಬದಲಾಗಿರಲಿಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ಎನ್ರೋಲ್‌ಮೆಂಟ್ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ವಕೀಲರ ನೋಂದಣಿ ಮಾಡುವ ರಾಜ್ಯ ಬಾರ್ ಕೌನ್ಸಿಲ್‌ಗಳು ವಸೂಲಿ ಮಾಡುತ್ತಿದ್ದುದು? ಒಡಿಶಾದಲ್ಲಿ 42,000ಕ್ಕೂ ಮೇಲೆ, ಗುಜರಾತಿನಲ್ಲಿ 25,000, ಕೇರಳದಲ್ಲಿ 20,000 ದಾಟಿ. 2024ರ ಜುಲೈ 30ರಂದು ಗೌರವ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬ್ರೇಕ್ ಹಾಕಿತು. ಕಾಯ್ದೆಯಲ್ಲಿ ಇರುವುದಕ್ಕಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಬೇಡಿ, ಇಂಥ ಶುಲ್ಕ ಹಿಂದುಳಿದ ಸಮುದಾಯದವರನ್ನು ವೃತ್ತಿಯಿಂದ ಹೊರಗಿಡುತ್ತದೆ ಅನ್ನುವುದು ತೀರ್ಪಿನ ತಿರುಳು. ನಮ್ಮ ರಾಜ್ಯ ಬಾರ್ ಕೌನ್ಸಿಲ್ ಮೇಲೂ ಆಮೇಲೆ ದೂರು ಹೋಯಿತು. ಐಡಿ ಕಾರ್ಡ್, ವೆಲ್ಫೇರ್ ಫಂಡ್, ಟ್ರೈನಿಂಗ್ ಅಂತ ತೆಗೆದುಕೊಳ್ಳುವುದು ಐಚ್ಛಿಕ ಅಂತ ವಾದ ಬಂತು. ಐಚ್ಛಿಕ ಅನ್ನುವ ಹೆಸರಿನಲ್ಲೂ ಏನನ್ನೂ ವಸೂಲಿ ಮಾಡುವಂತಿಲ್ಲ ಅಂತ 2025ರ ಆಗಸ್ಟಿನಲ್ಲಿ ಕೋರ್ಟ್ ಹೇಳಿತು. ಸ್ಕಾಲರ್‌ಶಿಪ್ ಬಗ್ಗೆ ಅಲ್ಲದ ಈ ತೀರ್ಪು ಬಡ ವಕೀಲರಿಗೆ ಎಷ್ಟೋ ಸ್ಕಾಲರ್‌ಶಿಪ್‌ಗಳಿಗಿಂತ ದೊಡ್ಡ ಉಪಕಾರ ಅನ್ನುವುದು ನನ್ನ ಎಣಿಕೆ.

ಸನ್ನದು ಸಿಕ್ಕಿತು. ಕರಿಕೋಟು, ಬ್ಯಾಂಡು, ಗೌನು ಹೊಲಿಸಿದ್ದಾಯಿತು. ಒಬ್ಬ ಸೀನಿಯರ್ ಆಫೀಸಿಗೆ ಸೇರಿದ್ದೂ ಆಯಿತು. ಬೆಳಿಗ್ಗೆ ಫೈಲು ಹೊತ್ತು ಕೋರ್ಟಿಗೆ, ಮಧ್ಯಾಹ್ನ ವಾಯ್ದೆ ತೆಗೆದುಕೊಳ್ಳುವುದು, ಸಂಜೆ ಆಫೀಸಿನಲ್ಲಿ ಡ್ರಾಫ್ಟಿಂಗ್. ಸಂಬಳ? ಜಿಲ್ಲಾ, ತಾಲೂಕು ಕೋರ್ಟುಗಳ ಜೂನಿಯರ್‌ಗಳನ್ನು ಕೇಳಿ ನೋಡಿ. ಬಸ್ ಚಾರ್ಜ್, ಮಧ್ಯಾಹ್ನದ ಊಟ, ಹಬ್ಬಕ್ಕೊಂದಿಷ್ಟು ಅನ್ನುವವರೇ ಜಾಸ್ತಿ. ಕೆಲಸ ಕಲಿಸುವುದೇ ಸಂಬಳ ಅನ್ನುವುದು ಈ ವೃತ್ತಿಯ ಹಳೆಯ ನಂಬಿಕೆ. ಅಪ್ಪನೋ ಚಿಕ್ಕಪ್ಪನೋ ವಕೀಲರಾಗಿದ್ದರೆ ಆ ನಂಬಿಕೆ ಸುಖವಾಗಿಯೇ ಇರುತ್ತದೆ. ಆಫೀಸು ರೆಡಿ, ಪುಸ್ತಕ ರೆಡಿ, ಕಕ್ಷಿದಾರರೂ ರೆಡಿ. ಬೇರೆಯವರು ಎಲ್ಲಾದರೂ ನೌಕರಿ ಮಾಡಿಕೊಂಡು ಕಲಿಯೋಣ ಅಂದರೆ ಅದಕ್ಕೂ ನಿಯಮ ಅಡ್ಡ. ಪ್ರಾಕ್ಟೀಸ್ ಮಾಡುವ ವಕೀಲರು ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಸೀನಿಯರ್ ಕೊಡುವುದಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ. ಮನೆಯಿಂದಲೇ ತರಬೇಕು.

ಈ ತೂತು ಮುಚ್ಚಲು ಪ್ರಯತ್ನ ಆಗಿಲ್ಲ ಅಂತಲ್ಲ. ಕರ್ನಾಟಕದಲ್ಲಿ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ಸರ್ಕಾರಿ ವಕೀಲರ ಅಥವಾ ಅನುಭವಿ ವಕೀಲರ ಕೈಕೆಳಗೆ ಕಲಿಯಬೇಕು, ಪ್ರತಿ ತಿಂಗಳು ಸ್ಟೈಪೆಂಡ್ ಬರುತ್ತದೆ. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬರುತ್ತದಲ್ಲ, ಅದೇ. ನನ್ನ ಪ್ರಕಾರ ಇದು ನಮ್ಮ ರಾಜ್ಯದ ಒಳ್ಳೆಯ ಯೋಜನೆಗಳಲ್ಲಿ ಒಂದು, ಮತ್ತು ಅತಿ ಕಡಿಮೆ ಜನಕ್ಕೆ ಗೊತ್ತಿರುವ ಯೋಜನೆ. ಜಿಲ್ಲೆಗೆ ಬೆರಳೆಣಿಕೆಯ ಮಂದಿಗಷ್ಟೇ ಸಿಗುತ್ತದೆ. ಆಂಧ್ರದಲ್ಲಿ 2019ರ ಡಿಸೆಂಬರಿನಿಂದ ಹೊಸ ವಕೀಲರಿಗೆ ತಿಂಗಳಿಗೆ 5,000ದಂತೆ ಮೂರು ವರ್ಷ ಕೊಡುವ ಯೋಜನೆ ಬಂತು. 2024ರ ಅಕ್ಟೋಬರಿನಲ್ಲಿ ಭಾರತೀಯ ಬಾರ್ ಕೌನ್ಸಿಲ್ ಒಂದು ಸುತ್ತೋಲೆ ಕಳಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಅಂತ. ಅದು ಸಲಹೆ ಅಷ್ಟೇ. ಸೀನಿಯರ್ ಮುಂದೆ ಹೋಗಿ ಆ ಸುತ್ತೋಲೆ ತೋರಿಸಿದ ಜೂನಿಯರ್ ಮರುದಿನ ಬೇರೆ ಆಫೀಸು ಹುಡುಕಬೇಕಾಗುತ್ತದೆ. ಇನ್ನೊಂದು ಕಡೆ, ತಾಲೂಕಿನ ಎಷ್ಟೋ ಸೀನಿಯರ್‌ಗಳ ಕೈಗೇ ತಿಂಗಳಿಗೆ ಅಷ್ಟು ಉಳಿಯುವುದಿಲ್ಲ ಅನ್ನುವುದನ್ನೂ ಒಪ್ಪಬೇಕು.

ಇದರ ಪರಿಣಾಮ ಕಾಣುವುದು ಇಪ್ಪತ್ತು ವರ್ಷ ಕಳೆದ ಮೇಲೆ. 2018ರಿಂದ 2023ರ ಜುಲೈವರೆಗೆ ದೇಶದ ಹೈಕೋರ್ಟುಗಳಿಗೆ 604 ನ್ಯಾಯಮೂರ್ತಿಗಳ ನೇಮಕ ಆಯಿತು. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಅವರಲ್ಲಿ 458 ಮಂದಿ ಸಾಮಾನ್ಯ ವರ್ಗದವರು. ಪರಿಶಿಷ್ಟ ಜಾತಿ 18, ಪರಿಶಿಷ್ಟ ಪಂಗಡ 9, ಇತರ ಹಿಂದುಳಿದ ವರ್ಗ 72. ಆರಿಸುವವರ ಬಗ್ಗೆ ದೂರು ಹೇಳುವುದು ಸುಲಭ, ಅದರಲ್ಲಿ ಹುರುಳೂ ಇದೆ. ಆದರೆ ವಕೀಲರಿಂದ ಹೈಕೋರ್ಟಿಗೆ ಹೋಗಬೇಕು ಅಂದರೆ ಕನಿಷ್ಠ ಹತ್ತು ವರ್ಷ ಅಲ್ಲಿ ಪ್ರಾಕ್ಟೀಸ್ ಮಾಡಿರಬೇಕು. ಎರಡನೇ ವರ್ಷಕ್ಕೇ ಕೋಟು ಮಡಚಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂತವರ ಹೆಸರು ನ್ಯಾಯಮೂರ್ತಿಗಳನ್ನು ಆರಿಸುವ ಯಾವ ಕೊಲಿಜಿಯಂ ಮುಂದೆಯೂ ಬರುವುದಿಲ್ಲ. ಹೆಣ್ಣುಮಕ್ಕಳದೂ ಇದೇ ಕಥೆ. ಲಾ ಕಾಲೇಜಿನ ಬೆಂಚುಗಳಲ್ಲಿ ಬೇಕಾದಷ್ಟು ಇದ್ದಾರೆ. ದೇಶದ ವಕೀಲರಲ್ಲಿ ಅವರ ಪಾಲು ಶೇ 15ರ ಆಸುಪಾಸು ಅಂತ 2022ರಲ್ಲಿ ಸಂಸತ್ತಿನಲ್ಲಿ ಹೇಳಿದ್ದರು.

ಬಡ ಮಕ್ಕಳಿಗೆ ಒಂದು ಹತ್ತಿರದ ದಾರಿ ಇತ್ತು. ಡಿಗ್ರಿ ಮುಗಿದ ಕೂಡಲೇ ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬಹುದಿತ್ತು. ಪ್ರಾಕ್ಟೀಸಿನ ಷರತ್ತು ಬೇಡ ಅಂತ ಶಿಫಾರಸು ಮಾಡಿದ್ದು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತ್ತು. 2025ರ ಮೇ 20ರಂದು ಅದೇ ಕೋರ್ಟ್ ಆ ದಾರಿ ಮುಚ್ಚಿತು. ಇನ್ನು ಮುಂದೆ ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ. ಅನುಭವವೇ ಇಲ್ಲದವರು ಜಡ್ಜ್ ಕುರ್ಚಿಯಲ್ಲಿ ಕೂತರೆ ಕಷ್ಟ ಅನ್ನುವ ಮಾತಿನಲ್ಲಿ ತಥ್ಯ ಇದೆ, ಕೋರ್ಟಿಗೆ ಅಲೆದವರಿಗೆಲ್ಲ ಅದು ಗೊತ್ತು. ಆದರೆ ಮೂರು ವರ್ಷ ಕಡ್ಡಾಯ ಮಾಡಿದವರು ಆ ಮೂರು ವರ್ಷದ ಊಟಕ್ಕೆ ಯಾರು ಹೊಣೆ ಅಂತಲೂ ಹೇಳಬೇಕಿತ್ತು. ಸರ್ಕಾರಗಳು ಈಗ ಮಾಡಬಹುದಾದ ಕೆಲಸ ಏನೂ ದೊಡ್ಡದಲ್ಲ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಪಡೆಯುತ್ತಿದ್ದ ಮಗು ಸನ್ನದು ಪಡೆದ ದಿನವೇ ಅದೇ ಖಾತೆಗೆ ಮೂರು ವರ್ಷದ ಭತ್ಯೆ ಶುರುವಾಗಲಿ. ಹೊಸ ಅರ್ಜಿ ಬೇಡ, ಹೊಸ ಆದಾಯ ಪ್ರಮಾಣ ಪತ್ರ ಬೇಡ. ಹಾಗೇ ಕೌನ್ಸೆಲಿಂಗ್ ದುಡ್ಡನ್ನು ಇಲಾಖೆಯೇ ನೇರವಾಗಿ ಕಟ್ಟಲಿ.

ಈ ಸಲ ಫೋನ್ ಮಾಡಿದವರೊಬ್ಬರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಮಗಳು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಹಾಗಾಗಿ ಟೈಮ್ ಇತ್ತು. ಕ್ಲಾಟ್ ಯಾವಾಗ, ಕೋಚಿಂಗ್ ಹೇಗೆ, ಟಾಪ್ ಕ್ಲಾಸ್ ಅಂದರೇನು ಎಲ್ಲ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಕೊನೆಗೆ ಲೆಕ್ಕ ಹಾಕಿದರು. "ಲಾ ಐದು ವರ್ಷ, ಪ್ರಾಕ್ಟೀಸು ಮೂರು ವರ್ಷ. ಎಂಟು ವರ್ಷ ಆಯ್ತಲ್ಲ ಸಾರ್."

ಹೌದು ಅಂದೆ.

"ನರ್ಸಿಂಗಿಗೆ ಎಷ್ಟು ವರ್ಷ?"

ನಾಲ್ಕು ಅಂದೆ.